ಬಿಸಿಯಾಗುವ ಲ್ಯಾಪ್‌ಟಾಪ್ ರಿಪೇರಿ: ಯಾವ ಕೆಲಸ ಮೊದಲು, ವಾರಂಟಿ ಎಲ್ಲಿ ಕೈಕೊಡುತ್ತದೆ

ಲ್ಯಾಪ್‌ಟಾಪ್ ಬಿಸಿಯಾಗುತ್ತಿದೆ ಅಂದ ಕೂಡಲೇ ಹೆಚ್ಚಿನವರು ಎರಡರಲ್ಲೊಂದು ಮಾಡುತ್ತಾರೆ. ಕೂಲಿಂಗ್ ಪ್ಯಾಡ್ ತರಿಸುತ್ತಾರೆ, ಇಲ್ಲವೇ ಯೂಟ್ಯೂಬ್ ನೋಡಿಕೊಂಡು ನೇರವಾಗಿ ತಳ ಬಿಚ್ಚಿ, ಪ್ರೊಸೆಸರ್ ಬಿಸಿಯನ್ನು ದಾಟಿಸುವ ಥರ್ಮಲ್ ಪೇಸ್ಟ್ ಹಚ್ಚುತ್ತಾರೆ. ಮೊದಲನೆಯದರಿಂದ ಹೆಚ್ಚೇನೂ ಆಗುವುದಿಲ್ಲ. ಎರಡನೆಯದರಿಂದ ಏನೇನೋ ಆಗುತ್ತದೆ. ಫ್ಯಾನಿನ ವೈರ್ ಕಿತ್ತುಬರುತ್ತದೆ, ಕೀಬೋರ್ಡಿನ ರಿಬ್ಬನ್ ಹರಿಯುತ್ತದೆ, ಸರ್ವಿಸ್ ಸೆಂಟರ್‌ನವರು "ನೀವೇ ಬಿಚ್ಚಿದ್ದೀರಲ್ಲ ಸರ್" ಅಂತ ಕೈ ತೊಳೆದುಕೊಳ್ಳುತ್ತಾರೆ.

ಈ ಕೆಲಸ ಕೆಡುವುದು ಹೆಚ್ಚಾಗಿ ಕ್ರಮ ತಪ್ಪುವುದರಿಂದ. ಹಾಗಾಗಿ ಕಡಿಮೆ ಅಪಾಯದ ಹಂತಗಳನ್ನು ಮೊದಲು ಇಟ್ಟಿದ್ದೇನೆ. ಯಾವ ಹಂತದಲ್ಲಿ ಬಿಸಿ ಇಳಿಯಿತೋ ಅಲ್ಲಿಗೇ ನಿಲ್ಲಿಸಿ, ಮುಂದಕ್ಕೆ ಹೋಗಬೇಡಿ. ಇದು ಫ್ಯಾನ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳಿಗೆ ಬರೆದದ್ದು. ಫ್ಯಾನೇ ಇಲ್ಲದ ತೆಳು ಮಾದರಿಗಳನ್ನು ಬಿಚ್ಚಿ ಪ್ರಯೋಜನವಿಲ್ಲ.

## ಹಂತ 1: ಬ್ಯಾಟರಿ ಊದಿದೆಯಾ ನೋಡಿ

ಲ್ಯಾಪ್‌ಟಾಪ್ ಆಫ್ ಮಾಡಿ, ಮುಚ್ಚಿ, ಸಮತಟ್ಟಾದ ಮೇಜಿನ ಮೇಲೆ ಇಡಿ. ನಾಲ್ಕೂ ಮೂಲೆ ಮೇಜಿಗೆ ತಾಗಬೇಕು. ಅಲುಗಾಡಿದರೆ, ತಳ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಥವಾ ಇದ್ದಕ್ಕಿದ್ದಂತೆ ಕ್ಲಿಕ್ ಆಗುವುದು ನಿಂತಿದ್ದರೆ ಬ್ಯಾಟರಿ ಊದಿರಬಹುದು. ಸಿಹಿ ಸಿಹಿಯಾದ ರಾಸಾಯನಿಕ ವಾಸನೆ ಬಂದರೂ ಅದೇ ಅನುಮಾನ.

ಹೀಗಿದ್ದರೆ ಈ ಲೇಖನ ನಿಮಗಲ್ಲ. ಚಾರ್ಜರ್ ತೆಗೆಯಿರಿ, ಆನ್ ಮಾಡಬೇಡಿ, ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಊದಿದ ಲಿಥಿಯಂ ಬ್ಯಾಟರಿಗೆ ಸ್ಕ್ರೂಡ್ರೈವರ್ ತುದಿ ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಅದನ್ನು ಕಸದ ಬುಟ್ಟಿಗೂ ಹಾಕಬಾರದು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು. ಚಾರ್ಜರ್ ಪಿನ್ ಸುತ್ತ ಪ್ಲಾಸ್ಟಿಕ್ ಕರಗಿದ್ದರೂ ಇಲ್ಲೇ ನಿಲ್ಲಿಸಿ. ಅದು ಫ್ಯಾನಿಗೆ ಸಂಬಂಧಿಸಿದ ಬಿಸಿಯಲ್ಲ.

## ಹಂತ 2: ಮುಟ್ಟಿ ನೋಡಬೇಡಿ, ಅಳೆಯಿರಿ

ಕೈಗೆ ಬಿಸಿ ಅನಿಸುವುದಕ್ಕೂ ಪ್ರೊಸೆಸರ್ ಬಿಸಿಗೂ ನೇರ ಸಂಬಂಧವಿಲ್ಲ. ಲೋಹದ ಮೈಯ ಲ್ಯಾಪ್‌ಟಾಪ್ ಒಳಗೆ ಚೆನ್ನಾಗಿದ್ದರೂ ಕೈಗೆ ಸುಡುತ್ತದೆ. ಪ್ಲಾಸ್ಟಿಕ್ ಮೈಯದು ಒಳಗೆ ಬೇಯುತ್ತಿದ್ದರೂ ತಣ್ಣಗಿರುತ್ತದೆ.

ಒಳಗಿನ ಬಿಸಿ ತೋರಿಸುವ ಪ್ರೋಗ್ರಾಂಗಳಾದ ಎಚ್‌ಡಬ್ಲ್ಯೂ ಇನ್ಫೋ (HWiNFO) ಅಥವಾ ಎಚ್‌ಡಬ್ಲ್ಯೂ ಮಾನಿಟರ್ (HWMonitor), ಯಾವುದಾದರೊಂದನ್ನು ಹಾಕಿಕೊಳ್ಳಿ. ಎರಡೂ ಉಚಿತ. ಮೊದಲು ಎಲ್ಲ ಪ್ರೋಗ್ರಾಂ ಮುಚ್ಚಿ ಹತ್ತು ನಿಮಿಷ ಸುಮ್ನೆ ಬಿಡಿ, ಪ್ರೊಸೆಸರ್ ಎಷ್ಟು ಡಿಗ್ರಿ ಇದೆ ಬರೆದುಕೊಳ್ಳಿ. ಆಮೇಲೆ ನಿಮಗೆ ತೊಂದರೆ ಕೊಡುವ ಕೆಲಸವನ್ನೇ, ಅಂದರೆ ಗೇಮ್, ವಿಡಿಯೋ ಎಡಿಟಿಂಗ್ ಅಥವಾ ವಿಡಿಯೋ ಕಾಲ್, 15 ನಿಮಿಷ ಓಡಿಸಿ ಮತ್ತೆ ಬರೆದುಕೊಳ್ಳಿ. ಕೋಣೆಯ ಬಿಸಿಯನ್ನೂ ಪಕ್ಕದಲ್ಲಿ ಬರೆಯಿರಿ. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಫ್ಯಾನ್ ಎಳೆದುಕೊಳ್ಳುವುದು ಕೋಣೆಯ ಗಾಳಿಯನ್ನೇ. ಬೆಂಗಳೂರಿನಲ್ಲಿ ಡಿಸೆಂಬರ್‌ನಲ್ಲಿ 75 ತೋರಿಸಿದ ಲ್ಯಾಪ್‌ಟಾಪ್, ಕಲಬುರಗಿಯಲ್ಲಿ ಮೇ ತಿಂಗಳ 40 ಡಿಗ್ರಿ ಕೋಣೆಯಲ್ಲಿ ಅದೇ ಕೆಲಸಕ್ಕೆ 90ರ ಹತ್ತಿರ ತೋರಿಸಿದರೆ ಅದು ಕೆಟ್ಟಿಲ್ಲ.

ಖಾಲಿ ಇದ್ದಾಗ 40ರಿಂದ 55, ಭಾರೀ ಕೆಲಸದಲ್ಲಿ 80ರಿಂದ 90 ಬಂದರೆ ಇಂದಿನ ತೆಳು ಲ್ಯಾಪ್‌ಟಾಪ್‌ಗಳಿಗೆ ಅದು ಮಾಮೂಲಿ. ಗೇಮಿಂಗ್ ಲ್ಯಾಪ್‌ಟಾಪ್ ಇನ್ನೂ ಸ್ವಲ್ಪ ಮೇಲೆ ಹೋದರೂ ಗಾಬರಿ ಬೇಡ. ಹೆಚ್ಚಿನ ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಮುಟ್ಟಿದಾಗ ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಇದಕ್ಕೆ ಥ್ರಾಟ್ಲಿಂಗ್ ಅನ್ನುತ್ತಾರೆ. ಎಚ್‌ಡಬ್ಲ್ಯೂ ಇನ್ಫೋದಲ್ಲಿ ಥರ್ಮಲ್ ಥ್ರಾಟ್ಲಿಂಗ್ ಸಾಲಿನಲ್ಲಿ "ಯೆಸ್" ಬರುತ್ತಾ ನೋಡಿ. ಮಾಮೂಲಿ ಕೆಲಸಕ್ಕೇ ಅದು ಬರುತ್ತಿದ್ದರೆ ರಿಪೇರಿ ಬೇಕು.

ಸಂಖ್ಯೆಗಿಂತ ಮುಖ್ಯವಾದದ್ದು ಬಿಸಿ ಏರುವ ರೀತಿ. ಕೆಲಸ ಶುರುವಾದ ಒಂದೆರಡು ಸೆಕೆಂಡಿನಲ್ಲೇ 95ಕ್ಕೆ ಜಿಗಿದು, ನಿಲ್ಲಿಸಿದ ಕೂಡಲೇ ಧೊಪ್ಪನೆ ಇಳಿದರೆ, ಪ್ರೊಸೆಸರ್‌ನಿಂದ ಹೀಟ್‌ಸಿಂಕ್‌ಗೆ (ಬಿಸಿ ಹೀರಿ ಹೊರಗೆ ಸಾಗಿಸುವ ಲೋಹದ ಭಾಗ) ಬಿಸಿ ದಾಟುತ್ತಿಲ್ಲ. ಅನುಮಾನ ಪೇಸ್ಟ್ ಮೇಲೆ. ಐದು ಹತ್ತು ನಿಮಿಷದಲ್ಲಿ ನಿಧಾನವಾಗಿ ಏರಿ, ನಿಧಾನವಾಗಿಯೇ ಇಳಿದರೆ ಹೀಟ್‌ಸಿಂಕ್‌ನಿಂದ ಬಿಸಿ ಹೊರಗೆ ಹೋಗುತ್ತಿಲ್ಲ. ಅನುಮಾನ ಧೂಳಿನ ಮೇಲೆ.

ಗಾಳಿ ಹೊರಬರುವ ಕಿಂಡಿಯ ಮುಂದೆ ಕೈ ಹಿಡಿದರೂ ಸುಳಿವು ಸಿಗುತ್ತದೆ. ಗಾಳಿ ಕಡಿಮೆ, ಆದರೆ ಸುಡುತ್ತಿದೆ ಅಂದರೆ ಧೂಳು. ಗಾಳಿ ಜೋರಾಗಿದೆ, ಬರೀ ಬೆಚ್ಚಗಿದೆ, ಒಳಗೆ 95 ಇದೆ ಅಂದರೆ ಪೇಸ್ಟ್ ಅಥವಾ ಹೀಟ್‌ಪೈಪ್ (ಹೀಟ್‌ಸಿಂಕ್‌ನಲ್ಲಿ ಬಿಸಿ ಸಾಗಿಸುವ ಕೊಳವೆ). ಒಳಗೆ ಬಿಸಿಯಿದ್ದರೂ ಗಾಳಿಯೇ ಇಲ್ಲ ಅಂದರೆ ಫ್ಯಾನ್ ಸತ್ತಿರಬಹುದು. ಖಾಲಿ ಬಿಟ್ಟಾಗಲೂ 70 ಇದ್ದು, ಪ್ರೊಸೆಸರ್ ಬಳಕೆ 30 ಶೇಕಡಾ ತೋರಿಸುತ್ತಿದ್ದರೆ ಅದು ಯಂತ್ರದ ದೋಷವಲ್ಲ, ಯಾವುದೋ ಸಾಫ್ಟ್‌ವೇರ್ ಕಾಟ.

ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ. ಮುಂದೆ ವಾರಂಟಿ ಮಾತುಕತೆಗೆ ಬೇಕಾಗುತ್ತದೆ.

## ಹಂತ 3: ಬಿಚ್ಚದೆ ಮಾಡುವ ಕೆಲಸಗಳು

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆಯಿರಿ. ಸಿಪಿಯು ಕಾಲಂ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ತಿನ್ನುವವರು ಮೇಲೆ ಬರುತ್ತಾರೆ. ಎರಡೆರಡು ಆಂಟಿವೈರಸ್, ನಲವತ್ತು ಟ್ಯಾಬ್ ತೆರೆದ ಬ್ರೌಸರ್, ಮುಗಿಯದ ವಿಂಡೋಸ್ ಅಪ್‌ಡೇಟ್ ಇವೇ ಮಾಮೂಲಿ ಕಳ್ಳರು.

ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ಕೆಳಗೆ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನು 100ರಿಂದ 99ಕ್ಕೆ ಇಳಿಸಿ. ಒಂದು ಅಂಕ ಇಳಿಸಿದರೆ ಏನಾಗುತ್ತೆ ಅನ್ನಬೇಡಿ. ಸಾಮಾನ್ಯವಾಗಿ ಇದರಿಂದ ಟರ್ಬೋ ವೇಗ (ಪ್ರೊಸೆಸರ್ ಆಗಾಗ ಏರಿಸಿಕೊಳ್ಳುವ ಹೆಚ್ಚುವರಿ ವೇಗ) ನಿಲ್ಲುತ್ತದೆ, ಬಿಸಿ ಚೆನ್ನಾಗಿ ಇಳಿಯುತ್ತದೆ. ಎಕ್ಸೆಲ್, ಬ್ರೌಸರ್, ಆನ್‌ಲೈನ್ ಕ್ಲಾಸ್‌ಗೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಗೇಮ್ ಆಡುವವರಿಗೆ ಗೊತ್ತಾಗುತ್ತದೆ. ಕೆಲವು ಹೊಸ ಯಂತ್ರಗಳಲ್ಲಿ ಈ ಸಾಲು ಕಾಣಿಸುವುದಿಲ್ಲ. ಆಗ ಕಂಪನಿಯ ಆ್ಯಪ್‌ನಲ್ಲಿ ಸೈಲೆಂಟ್ ಅಥವಾ ಕ್ವಯಟ್ ಮೋಡ್ ಹಾಕಿ.

ಲ್ಯಾಪ್‌ಟಾಪ್ ಹಾಸಿಗೆ, ದಿಂಬು, ತೊಡೆ ಮೇಲೆ ಬೇಡ. ಹೆಚ್ಚಿನವು ತಳದಿಂದಲೇ ಗಾಳಿ ಎಳೆಯುತ್ತವೆ. ಹಿಂಬದಿಗೆ ಎರಡು ಪುಸ್ತಕ ಕೊಟ್ಟು ಎತ್ತರಿಸಿದರೆ ಸಾಕು, ಕೂಲಿಂಗ್ ಪ್ಯಾಡ್‌ನ ಅರ್ಧ ಕೆಲಸ ಪುಕ್ಕಟೆ ಆಗುತ್ತದೆ. ಒಳಗೆ ಧೂಳು ಕಟ್ಟಿದ್ದರೆ ಎಷ್ಟೇ ದುಬಾರಿ ಪ್ಯಾಡ್ ಇಟ್ಟರೂ ಅಷ್ಟೇ.

ಬ್ಯಾಗ್‌ನಿಂದ ತೆಗೆದಾಗ ಕೆಂಡದಂತಿರುತ್ತದೆ ಅನ್ನುವವರ ವಿಷಯ ಬೇರೆ. ಹೊಸ ವಿಂಡೋಸ್ ಯಂತ್ರಗಳು ಸ್ಲೀಪ್‌ನಲ್ಲೂ ಒಳಗೊಳಗೇ ಕೆಲಸ ಮಾಡುತ್ತಿರುತ್ತವೆ. ಮುಚ್ಚಳ ಮುಚ್ಚಿದಾಗ ಸ್ಲೀಪ್ ಬದಲು ಹೈಬರ್ನೇಟ್ (ಕೆಲಸ ಉಳಿಸಿಕೊಂಡು ಪೂರ್ತಿ ಆಫ್) ಆಗುವಂತೆ ಸೆಟ್ ಮಾಡಿದರೆ ಈ ತೊಂದರೆ ಮುಗಿಯಿತು.

ಮತ್ತೆ ಅಳೆಯಿರಿ. ಸರಿಹೋಗಿದ್ದರೆ ಇಲ್ಲಿಗೆ ಮುಗಿಸಿ.

## ಹಂತ 4: ವಾರಂಟಿ ಲೆಕ್ಕ

ಸ್ಕ್ರೂ ಮುಟ್ಟುವ ಮೊದಲು ತಳದಲ್ಲಿರುವ ಸೀರಿಯಲ್ ನಂಬರ್ ಅಥವಾ ಸರ್ವಿಸ್ ಟ್ಯಾಗ್ ಅನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ, ವಾರಂಟಿ ಯಾವತ್ತಿನವರೆಗೆ ಇದೆ ನೋಡಿ. ಬಿಲ್ಲಿನ ತಾರೀಖು ನೋಡಿ ಅಂದಾಜು ಮಾಡಬೇಡಿ, ಆನ್‌ಲೈನ್ ದಾಖಲೆಯಲ್ಲಿ ಬೇರೆ ತಾರೀಖು ಇರಬಹುದು. ಅಮೆರಿಕದಿಂದಲೋ ದುಬೈಯಿಂದಲೋ ಯಾರೋ ತಂದುಕೊಟ್ಟದ್ದಾದರೆ ಅದು ಭಾರತದಲ್ಲಿ ನಡೆಯುತ್ತಾ ಅಂತಲೂ ಅಲ್ಲೇ ಗೊತ್ತಾಗುತ್ತದೆ. ಕೆಲವು ಮಾದರಿಗಳ ವಾರಂಟಿ ಕೊಂಡ ದೇಶಕ್ಕೇ ಸೀಮಿತ.

ವಾರಂಟಿ ಇದ್ದರೆ ನನ್ನ ಅಭಿಪ್ರಾಯ ಸರಳ: ಬಿಚ್ಚಬೇಡಿ, ಅವರ ಕೈಲೇ ಮಾಡಿಸಿ. ದೂರು ಕೊಡುವಾಗ "ಬಿಸಿ ಆಗ್ತಿದೆ" ಅಂದರೆ "ಅದು ನಾರ್ಮಲ್" ಅನ್ನುವ ಉತ್ತರ ಬರುತ್ತದೆ. "15 ನಿಮಿಷ ಕೆಲಸ ಮಾಡಿದರೆ ತಾನಾಗಿ ಆಫ್ ಆಗುತ್ತದೆ" ಅಂತಲೋ "ಫ್ಯಾನ್ ತಿರುಗುತ್ತಿಲ್ಲ" ಅಂತಲೋ, ನಿಜವಾಗಿ ಆಗುತ್ತಿರುವುದನ್ನು ಹೇಳಿ, ಸ್ಕ್ರೀನ್‌ಶಾಟ್ ಲಗತ್ತಿಸಿ. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ದೂರಿನ ನಂಬರ್ ತೆಗೆದುಕೊಳ್ಳಿ. ಧೂಳು ತೆಗೆಯುವುದನ್ನು ಮಾತ್ರ ದೋಷವಲ್ಲ, ನಿರ್ವಹಣೆ ಅಂತ ಹೇಳಿ ದುಡ್ಡು ಕೇಳಬಹುದು. ಕೊಡುವ ಮೊದಲು ಡೇಟಾ ಬ್ಯಾಕಪ್ ಮಾಡಿಕೊಳ್ಳಿ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಬಿಚ್ಚಿದ ಮಾತ್ರಕ್ಕೆ ವಾರಂಟಿ ಹೋಗುತ್ತಾ? "ಸ್ಕ್ರೂ ಮೇಲೆ ಅಂಟಿಸಿದ ಸ್ಟಿಕ್ಕರ್ ಕಿತ್ತರೆ ವಾರಂಟಿ ರದ್ದು ಅನ್ನುವುದೇ ಕಾನೂನುಬಾಹಿರ" ಎನ್ನುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಅದು ಅಮೆರಿಕದ ಮಾತು. ಅಲ್ಲಿ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ ಇದೆ. ಅದರ ಆಧಾರದ ಮೇಲೆ ಅಲ್ಲಿನ ಗ್ರಾಹಕ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಆರು ಕಂಪನಿಗಳಿಗೆ, 2024ರಲ್ಲಿ ಮತ್ತೆ ಕೆಲವಕ್ಕೆ ಎಚ್ಚರಿಕೆ ಪತ್ರ ಕಳಿಸಿತ್ತು. ಬೆಂಗಳೂರಿನ ಸರ್ವಿಸ್ ಕೌಂಟರ್‌ನಲ್ಲಿ ಆ ವಿಡಿಯೋ ತೋರಿಸಿದರೆ ಕೆಲಸಕ್ಕೆ ಬರುವುದಿಲ್ಲ.

ನಮ್ಮಲ್ಲಿ ಮೊದಲು ನೋಡಬೇಕಾದದ್ದು ಕಂಪನಿಯ ವಾರಂಟಿ ಪತ್ರದ ಮಾತುಗಳನ್ನು. ಅದರಲ್ಲಿ ಎರಡು ಸಂಗತಿ ಹುಡುಕಿ. ಬಳಕೆದಾರರೇ ಬದಲಿಸಬಹುದಾದ ಭಾಗಗಳು ಯಾವುವು ಅನ್ನುವುದು ಒಂದು. ಲೆನೊವೊ ಇಂಥ ಭಾಗಗಳ ಪಟ್ಟಿಯನ್ನೇ ಕೊಡುತ್ತದೆ. ಡೆಲ್, ಎಚ್‌ಪಿ, ಲೆನೊವೊ ಮೂರೂ ಬಹಳಷ್ಟು ಮಾದರಿಗಳಿಗೆ ಬಿಚ್ಚುವ ಕೈಪಿಡಿಯನ್ನು ವೆಬ್‌ಸೈಟ್‌ನಲ್ಲಿ ಇಟ್ಟಿವೆ. ರ್‍ಯಾಮ್, ಎಸ್‌ಎಸ್‌ಡಿ ಪಟ್ಟಿಯಲ್ಲಿದ್ದು ಹೀಟ್‌ಸಿಂಕ್ ಇಲ್ಲದಿರುವುದು ಸಾಮಾನ್ಯ. ಅಂದರೆ ತಳದ ಮುಚ್ಚಳ ತೆಗೆಯುವುದಕ್ಕೆ ಒಪ್ಪಿಗೆ ಇದೆ, ಪೇಸ್ಟ್ ಬದಲಿಸುವುದಕ್ಕೆ ಇಲ್ಲ ಅಂತ ಓದಿಕೊಳ್ಳಿ. ಇನ್ನೊಂದು, ಹೊರಗಿನವರು ರಿಪೇರಿ ಮಾಡಿದ್ದರಿಂದ ಆದ ಹಾನಿ ವಾರಂಟಿಗೆ ಸೇರದು ಎನ್ನುವ ಸಾಲು. "ರಿಪೇರಿಯಿಂದ ಆದ ಹಾನಿ" ಅಂತಿದೆಯಾ, ಅಥವಾ "ತೆರೆದರೇ ರದ್ದು" ಅಂತಿದೆಯಾ? ಮೊದಲನೆಯದಾದರೆ ಫ್ಯಾನಿನ ಧೂಳು ತೆಗೆದವರಿಗೆ ಸ್ಕ್ರೀನ್ ಕೆಟ್ಟಾಗ ವಾದಿಸಲು ಜಾಗವಿದೆ. ಎರಡನೆಯದಾದರೆ ಮುಂದಿನ ಹಂತಗಳನ್ನು ವಾರಂಟಿ ಮುಗಿಯುವವರೆಗೆ ಮುಂದೂಡಿ.

ಅನ್ಯಾಯವಾಗಿ ನಿರಾಕರಿಸಿದರು ಅನಿಸಿದರೆ, ಕಾರಣವನ್ನು ಬರಹದಲ್ಲಿ ಕೇಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅದು ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗವಿದೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ಶುರುಮಾಡಿದೆ. ಕೈಪಿಡಿ, ಬಿಡಿಭಾಗ, ವಾರಂಟಿ ಮಾಹಿತಿಗೆ ಅದು ಉಪಯೋಗ. ನೀವು ಮುರಿದದ್ದನ್ನು ಕಂಪನಿ ಸರಿಮಾಡಿಕೊಡಬೇಕು ಅಂತ ಅದು ಹೇಳುವುದಿಲ್ಲ.

ಬಿಚ್ಚಿದ್ದು ಅವರಿಗೆ ಹೇಗೆ ಗೊತ್ತಾಗುತ್ತೆ ಅನ್ನುವವರಿಗೆ ಒಂದು ಮಾತು. ಸ್ಕ್ರೂ ತಲೆಯ ಗೀರು, ಕಿತ್ತ ಸ್ಟಿಕ್ಕರ್, ಬೇರೆ ಬಣ್ಣದ ಪೇಸ್ಟ್, ಅಂಚಿನಲ್ಲಿ ಮುರಿದ ಲಾಕ್ ಎಲ್ಲ ಕಾಣುತ್ತವೆ. ಸುಳ್ಳು ಹೇಳಿ ಸಿಕ್ಕಿಬೀಳುವುದಕ್ಕಿಂತ "ಧೂಳು ತೆಗೆದಿದ್ದೇನೆ" ಅನ್ನುವುದೇ ವಾಸಿ.

## ಹಂತ 5: ಸಾಮಾನು ಜೋಡಿಸಿಕೊಳ್ಳಿ

ಪಿಎಚ್0 ಮತ್ತು ಪಿಎಚ್00 ಅಳತೆಯ, ಪ್ಲಸ್ ತುದಿಯ ಸ್ಕ್ರೂಡ್ರೈವರ್ ಬೇಕು. ಕೆಲವು ಮಾದರಿಗಳಿಗೆ ನಕ್ಷತ್ರದಾಕಾರದ ಟಿ5 ಕೂಡ. ಮನೆಯ ವಾಚ್ ಸ್ಕ್ರೂಡ್ರೈವರ್ ಹಾಕಿ ಸ್ಕ್ರೂ ತಲೆ ಸವೆಸಿದರೆ ಕೆಲಸ ಅಲ್ಲಿಗೇ ನಿಂತಿತು. ಅಂಚು ಬಿಡಿಸಲು ಪ್ಲಾಸ್ಟಿಕ್ ಪಟ್ಟಿ ಅಥವಾ ಹಳೇ ಎಟಿಎಂ ಕಾರ್ಡ್. ಚಾಕು ಬೇಡ. ಮೆತ್ತನೆಯ ಬ್ರಷ್, ನೂಲು ಬಿಡದ ಬಟ್ಟೆ, 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್. ಹ್ಯಾಂಡ್ ಸ್ಯಾನಿಟೈಸರ್ ನಡೆಯುವುದಿಲ್ಲ, ಅದರಲ್ಲಿ ಗ್ಲಿಸರಿನ್ ಥರದ ಅಂಟು ಪದಾರ್ಥ ಇರುತ್ತದೆ.

ಪೇಸ್ಟ್‌ಗೆ ಆರ್ಕ್‌ಟಿಕ್ ಎಂಎಕ್ಸ್-4, ನೊಕ್ಟುವಾ ಎನ್‌ಟಿ-ಎಚ್1 ಥರದ್ದು ಸಾಕು. ಬೆಂಗಳೂರಿನವರಾದರೆ ಎಸ್‌.ಪಿ. ರೋಡ್‌ನಲ್ಲಿ ಸಿಗುತ್ತದೆ, ಆದರೆ ಸೀಲ್ ನೋಡಿ ತನ್ನಿ. ಪೇಸ್ಟ್ ಬದಲು ಹಾಕುವ ಲಿಕ್ವಿಡ್ ಮೆಟಲ್ (ದ್ರವ ಲೋಹ) ಮಾತ್ರ ತರಬೇಡಿ. ಅದು ಕರೆಂಟ್ ಹರಿಸುತ್ತದೆ, ಅಲ್ಯೂಮಿನಿಯಂ ತಿನ್ನುತ್ತದೆ. ಕೆಲವು ಅಸೂಸ್ ಆರ್‌ಒಜಿ ಮಾದರಿಗಳಿಗೆ ಕಾರ್ಖಾನೆಯಲ್ಲೇ ಅದನ್ನು ಹಾಕಿರುತ್ತಾರೆ. ನಿಮ್ಮದು ಅಂಥದ್ದಾದರೆ ಹೀಟ್‌ಸಿಂಕ್ ತೆಗೆಯಬೇಡಿ.

ವಿಂಡೋಸ್ ಫೈಲ್‌ಗಳಿಗೆ ಹಾಕುವ ಬೀಗವಾದ ಬಿಟ್‌ಲಾಕರ್‌ನ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಒಳಗೆ ಕೈಹಾಕಿದ ಮೇಲೆ ಕೆಲವು ಲ್ಯಾಪ್‌ಟಾಪ್ ಆನ್ ಮಾಡಿದಾಗ ಅದನ್ನು ಕೇಳುತ್ತವೆ. ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಇದನ್ನು ಮರೆತವರ ಲ್ಯಾಪ್‌ಟಾಪ್ ತಣ್ಣಗಾಗಿರುತ್ತದೆ, ಫೈಲ್ ಮಾತ್ರ ಕೈಗೆ ಸಿಗುವುದಿಲ್ಲ.

## ಹಂತ 6: ಬಿಚ್ಚುವುದು

1. ಚಾರ್ಜ್ 25 ಶೇಕಡಾಕ್ಕಿಂತ ಕೆಳಗಿಳಿಸಿ, ಶಟ್‌ಡೌನ್ ಮಾಡಿ. ಸ್ಲೀಪ್ ಸಾಲದು.

2. ಕಾಗದದ ಮೇಲೆ ತಳದ ಚಿತ್ರ ಗೀಚಿ, ಬಿಚ್ಚಿದ ಸ್ಕ್ರೂಗಳನ್ನು ಆಯಾ ಜಾಗದಲ್ಲೇ ಇಡಿ. ಉದ್ದ ಬೇರೆ ಬೇರೆ ಇರುತ್ತದೆ. ಗಿಡ್ಡದರ ಜಾಗಕ್ಕೆ ಉದ್ದದ್ದು ತಿರುಗಿಸಿದರೆ ಮದರ್‌ಬೋರ್ಡಿಗೇ ಚುಚ್ಚಬಹುದು. ರಬ್ಬರ್ ಪಾದದ ಕೆಳಗೆ ಅಡಗಿರುವ ಸ್ಕ್ರೂ ಹುಡುಕಿ. ಮುಚ್ಚಳ ಒಂದೇ ಕಡೆ ಬರುತ್ತಿಲ್ಲ ಅಂದರೆ ಅಲ್ಲೊಂದು ಉಳಿದಿದೆ ಅಂತಲೇ ಅರ್ಥ. ಬಲ ಹಾಕಬೇಡಿ.

3. ಮುಚ್ಚಳ ತೆಗೆದ ತಕ್ಷಣ ಬ್ಯಾಟರಿ ಕನೆಕ್ಟರ್ ಬಿಡಿಸಿ. ವೈರ್ ಹಿಡಿದು ಎಳೆಯಬೇಡಿ, ಕನೆಕ್ಟರ್‌ನ ಎರಡೂ ಬದಿಗೆ ಪ್ಲಾಸ್ಟಿಕ್ ಪಟ್ಟಿ ಕೊಟ್ಟು ತಳ್ಳಿ. ಆಮೇಲೆ ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಕರೆಂಟ್ ಹೋಗುತ್ತದೆ.

4. ಒಳಗಿನ ಫೋಟೋ ತೆಗೆಯಿರಿ. ಏನನ್ನಾದರೂ ಮುಟ್ಟುವ ಮೊದಲು ಬಣ್ಣ ಬಳಿಯದ ಲೋಹದ ಕಿಟಕಿ ಸರಳೋ ಮತ್ತೊಂದೋ ಮುಟ್ಟಿ, ಮೈಯ ಸ್ಟ್ಯಾಟಿಕ್ (ಸ್ಥಿರ ವಿದ್ಯುತ್) ಕಳೆದುಕೊಳ್ಳಿ.

ಕೆಲವು ಮಾದರಿಗಳಲ್ಲಿ ಫ್ಯಾನ್ ಕಾಣಬೇಕಾದರೆ ಕೀಬೋರ್ಡ್ ಎತ್ತಿ, ಮದರ್‌ಬೋರ್ಡ್ ಪೂರ್ತಿ ಹೊರಗೆ ತೆಗೆಯಬೇಕು. ಕೈಪಿಡಿ ನೋಡಿದಾಗ ನಿಮ್ಮದು ಹಾಗಿದೆ ಅಂತ ಗೊತ್ತಾದರೆ ಅಂಗಡಿಗೆ ಕೊಡಿ.

## ಹಂತ 7: ಧೂಳು

ವಾರಂಟಿ ಮುಗಿದ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟು ಇಲ್ಲಿಗೇ ಗುಣವಾಗುತ್ತವೆ.

ಧೂಳು ಫ್ಯಾನ್ ರೆಕ್ಕೆಯ ಮೇಲೆ ಇರುವುದು ಸ್ವಲ್ಪವೇ. ಗಾಳಿ ಹೊರಗೆ ಹೋಗುವ ತೆಳು ಫಿನ್‌ಗಳ (ಲೋಹದ ಪಟ್ಟಿಗಳ) ಒಳಬದಿಯಲ್ಲಿ, ಫ್ಯಾನ್ ಮತ್ತು ಫಿನ್ ನಡುವೆ, ಅದು ಕಂಬಳಿಯಂತೆ ಕಟ್ಟಿರುತ್ತದೆ. ಊದುಬತ್ತಿ, ಸೊಳ್ಳೆಬತ್ತಿ ಹೊಗೆ, ಬೆಕ್ಕಿನ ಕೂದಲು ಇರುವ ಮನೆಗಳಲ್ಲಿ ಇನ್ನೂ ಗಟ್ಟಿ. ಹೊರಗಿನಿಂದ ಬ್ಲೋವರ್ ಹಿಡಿದರೆ ಕಂಬಳಿ ಒಳಕ್ಕೆ ಸರಿದು, ಎರಡು ದಿನದಲ್ಲಿ ಮತ್ತೆ ಅಲ್ಲಿಗೇ ಬಂದು ಕೂರುತ್ತದೆ. "ಊದಿಸಿದೆ, ಪ್ರಯೋಜನ ಆಗಲಿಲ್ಲ" ಅನ್ನುವವರ ಕತೆ ಇದೇ.

ಆದ್ದರಿಂದ ಫ್ಯಾನಿನ ಸ್ಕ್ರೂ ಬಿಚ್ಚಿ ಎತ್ತಿ, ಕಂಬಳಿಯನ್ನು ಚಿಮುಟದಿಂದ ಹಿಡಿದು ತೆಗೆಯಿರಿ. ಉಳಿದದ್ದನ್ನು ಬ್ರಷ್‌ನಿಂದ ಉಜ್ಜಿ. ಗಾಳಿ ಊದುವುದಾದರೆ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅತಿ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಒಳಗೆ ತೂರಿಸಬೇಡಿ, ಅದರ ತುದಿಯಲ್ಲಿ ಸ್ಟ್ಯಾಟಿಕ್ ಹುಟ್ಟುತ್ತದೆ. ರೆಕ್ಕೆಯನ್ನು ಕೈಯಲ್ಲಿ ತಿರುಗಿಸಿ ನೋಡಿ. ಕರಕರ ಅಂದರೆ ಅಥವಾ ಅಲ್ಲಾಡಿದರೆ ಹೊಸ ಫ್ಯಾನ್ ಬೇಕು. ಎಣ್ಣೆ ಬಿಟ್ಟರೆ ನಾಲ್ಕು ದಿನ ಓಡಿ, ಧೂಳನ್ನು ಇನ್ನಷ್ಟು ಹಿಡಿಯುತ್ತದೆ.

ಹಂತ 2ರಲ್ಲಿ ನಿಮ್ಮ ಅನುಮಾನ ಧೂಳಿನ ಮೇಲಿದ್ದರೆ, ಹೀಟ್‌ಸಿಂಕ್ ಮುಟ್ಟದೆ ಇಲ್ಲೇ ಮುಚ್ಚಿ ಅಳೆಯಿರಿ. ಹೇಗೂ ಬಿಚ್ಚಿದ್ದೇನಲ್ಲ, ಪೇಸ್ಟೂ ಹಚ್ಚಿಬಿಡೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಚೆನ್ನಾಗಿದ್ದ ಪೇಸ್ಟ್ ಕೆಡುವುದು ಆಗಲೇ.

## ಹಂತ 8: ಪೇಸ್ಟ್ (ಬೇಕಾದರೆ ಮಾತ್ರ)

ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ ಸಾಮಾನ್ಯವಾಗಿ 1, 2, 3, 4 ಅಂತ ಬರೆದಿರುತ್ತದೆ. ಬಿಚ್ಚುವಾಗ ದೊಡ್ಡ ಅಂಕದಿಂದ ಹಿಂದಕ್ಕೆ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪ. ಅಂಟಿಕೊಂಡಿದ್ದರೆ ಮೇಲಕ್ಕೆ ಎಳೆಯದೆ ಮೆಲ್ಲಗೆ ಅತ್ತಿತ್ತ ತಿರುಚಿ. ಬರದಿದ್ದರೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ.

ಹಳೇ ಪೇಸ್ಟನ್ನು ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಚಿಪ್ ಕನ್ನಡಿಯಂತೆ ಹೊಳೆಯಬೇಕು. ಲೋಹದಿಂದ ಕೆರೆಯಬೇಡಿ. ಲ್ಯಾಪ್‌ಟಾಪ್ ಚಿಪ್‌ಗೆ ಡೆಸ್ಕ್‌ಟಾಪ್‌ನಂತೆ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ. ನಡುವೆ ಒಂದು ಚುಕ್ಕೆ ಇಟ್ಟು ಒತ್ತಿದರೆ ಮೂಲೆ ಖಾಲಿ ಉಳಿಯುತ್ತದೆ. ಹೊಳೆಯುವ ಮೇಲ್ಮೈ ಪೂರ್ತಿ ಮುಚ್ಚುವಂತೆ ತೆಳ್ಳಗೆ ಹರಡಿ.

ಮೆಮೊರಿ ಚಿಪ್‌ಗಳ ಮೇಲಿನ ಮೆತ್ತನೆಯ ಥರ್ಮಲ್ ಪ್ಯಾಡ್‌ಗಳನ್ನು ಆದಷ್ಟೂ ಮುಟ್ಟಬೇಡಿ. ಹರಿದರೆ ಅದೇ ದಪ್ಪದ್ದನ್ನೇ ಹಾಕಬೇಕು. 1 ಮಿಲಿಮೀಟರ್ ಇದ್ದಲ್ಲಿ 1.5 ಹಾಕಿದರೆ ಹೀಟ್‌ಸಿಂಕ್ ಎತ್ತಿಕೊಂಡು, ಪ್ರೊಸೆಸರ್‌ಗೆ ತಾಗುವುದೇ ಇಲ್ಲ. ಪ್ಯಾಡ್ ಇದ್ದ ಜಾಗವನ್ನು ಮಾಮೂಲಿ ಪೇಸ್ಟ್ ತುಂಬುವುದಿಲ್ಲ.

ಮುಚ್ಚುವಾಗ 1ರಿಂದ ಶುರುಮಾಡಿ, ಎಲ್ಲವನ್ನೂ ಅರ್ಧ ತಿರುಗಿಸಿ, ಆಮೇಲೆ ಅದೇ ಕ್ರಮದಲ್ಲಿ ಪೂರ್ತಿ ಬಿಗಿಮಾಡಿ. ಒಂದೇ ಮೂಲೆಯನ್ನು ಮೊದಲು ಪೂರ್ತಿ ಬಿಗಿದರೆ ಚಿಪ್ ಅಂಚು ಒಡೆಯಬಹುದು. ಒಡೆದ ಚಿಪ್‌ಗೆ ರಿಪೇರಿ ಇಲ್ಲ, ವಾರಂಟಿಯೂ ಇಲ್ಲ.

## ಹಂತ 9: ಮುಚ್ಚಿದ ಮೇಲೆ

ಫ್ಯಾನ್ ಕನೆಕ್ಟರ್ ಮೊದಲು, ಬ್ಯಾಟರಿ ಕೊನೆಗೆ. ಎಲ್ಲ ಸ್ಕ್ರೂ ಹಾಕುವ ಮೊದಲು ತಳದ ಮುಚ್ಚಳವನ್ನು ಸುಮ್ನೆ ಕೂರಿಸಿ ಒಮ್ಮೆ ಆನ್ ಮಾಡಿ. ಆನ್ ಆಗದಿದ್ದರೆ ಹೆದರಬೇಡಿ, ಚಾರ್ಜರ್ ಹಾಕಿ. ಬ್ಯಾಟರಿ ಬಿಡಿಸಿದ ಮೇಲೆ ಹಲವು ಮಾದರಿಗಳು ಚಾರ್ಜರ್ ಇಲ್ಲದೆ ಏಳುವುದಿಲ್ಲ. ಎಚ್‌ಪಿಯಲ್ಲಿ 90ಬಿ ಅನ್ನುವ ಕೋಡ್, ಲೆನೊವೊದ ಥಿಂಕ್‌ಪ್ಯಾಡ್‌ನಲ್ಲಿ "ಫ್ಯಾನ್ ಎರರ್" ಅಂತ ಬಂದರೆ ಮೊದಲು ಫ್ಯಾನ್ ಕನೆಕ್ಟರ್ ಸರಿಯಾಗಿ ಕೂತಿದೆಯಾ ನೋಡಿ. ಕೂಡಲೇ ಆಫ್ ಮಾಡಿ, ಬ್ಯಾಟರಿ ಬಿಡಿಸಿ, ಮತ್ತೆ ಒತ್ತಿ.

ಹಂತ 2ರ ಅಳತೆಯನ್ನು ಅದೇ ಕೋಣೆಯಲ್ಲಿ, ಅದೇ ಕೆಲಸಕ್ಕೆ ಮಾಡಿ. ಮೊದಲಿಗಿಂತ ಜಾಸ್ತಿ ಬಂದರೆ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ. ಪ್ರೊಸೆಸರ್‌ನ ಒಂದು ಕೋರ್ (ಒಳಗಿನ ಒಂದು ಭಾಗ) ಉಳಿದವಕ್ಕಿಂತ 15 ಡಿಗ್ರಿ ಮೇಲಿದ್ದರೆ ಒಂದು ಬದಿ ಸಡಿಲ ಇರಬಹುದು. ಪೇಸ್ಟ್ ಒರೆಸಿ ಮತ್ತೆ ಹಚ್ಚಬೇಕು, ಎತ್ತಿದ ಹೀಟ್‌ಸಿಂಕನ್ನು ಅದೇ ಪೇಸ್ಟ್ ಮೇಲೆ ಇಡುವಂತಿಲ್ಲ. ಧೂಳು ಹೋಗಿ, ಪೇಸ್ಟ್ ಬದಲಾಗಿ, ಫ್ಯಾನ್ ಜೋರಾಗಿ ತಿರುಗುತ್ತಿದ್ದರೂ ಸಂಖ್ಯೆ ಕದಲದಿದ್ದರೆ ಹೀಟ್‌ಪೈಪ್ ಸತ್ತಿರಬಹುದು. ಅದನ್ನು ಹೀಟ್‌ಸಿಂಕ್ ಸಮೇತ ಬದಲಿಸಬೇಕು. ಅಂಗಡಿಯಲ್ಲಿ ಮಾಡಿಸುವುದಾದರೆ ನಿಮ್ಮೆದುರಿಗೇ ಮಾಡಲು ಹೇಳಿ, ಹಳೇ ಭಾಗ ವಾಪಸ್ ಕೇಳಿ, ಬಿಲ್ಲಿನಲ್ಲಿ ಬಿಡಿಭಾಗದ ನಂಬರ್ ಬರೆಸಿಕೊಳ್ಳಿ.

ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಮೊದಲ ದಿನ ಚೆನ್ನಾಗಿದ್ದು ಈಗ ಹತ್ತು ಡಿಗ್ರಿ ಏರಿದ್ದರೆ, ಪೇಸ್ಟ್ ತೆಳುವಾಗಿದ್ದು ಬಿಸಿಗೆ ಹೊರಕ್ಕೆ ಸರಿದಿದೆ. ಮುಂದಿನ ಸಲ ಗಟ್ಟಿ ಪೇಸ್ಟ್ ತನ್ನಿ, ಅಥವಾ ಹನಿವೆಲ್‌ನ ಪಿಟಿಎಂ7950 ಥರದ ಫೇಸ್ ಚೇಂಜ್ ಪ್ಯಾಡ್ ಹಾಕಿ. ಬಿಸಿಯಾದಾಗ ಮೆತ್ತಗಾಗಿ, ತಣ್ಣಗಾದಾಗ ಗಟ್ಟಿಯಾಗುವುದರಿಂದ ಅದು ಅಷ್ಟು ಸುಲಭವಾಗಿ ಜಾಗ ಬಿಟ್ಟು ಸರಿಯುವುದಿಲ್ಲ.